ನಿನ್ನ ಹಡಗು ಹಾದುಹೋದ ಶುಕ್ರವಾರ

ಈಸ್ಟ್ ಸೈಡ್, ಶಿಕಾಗೊ
೨೪ ಅಕ್ಟೋಬರ್ ೧೯೭೧, ಭಾನುವಾರ

ನನ್ನ ಬ್ರಾಂಕೊ,

ಹೇಗಿದ್ದೀಯ ಮಗನೇ? ಕೆಮ್ಮು ಬಿಟ್ಟಿತೇ? ಹೋದ ಕಾಗದದಲ್ಲಿ ಎದೆ ಕಟ್ಟಿದೆ ಎಂದು ಬರೆದಿದ್ದೆ. ಸರೋವರದ ಗಾಳಿಗೆ ಬರೀ ಅಂಗಿಯಲ್ಲಿ ನಿಲ್ಲಬೇಡ. ನಿನ್ನ ತಂಗಿ ದಾನಿಟ್ಸಾ ಸ್ವೆಟರ್ ಹೆಣೆದು ಕಳಿಸಿದ್ದು ಪೆಟ್ಟಿಗೆಯಲ್ಲಿ ಮಡಿಸಿಡಲಿಕ್ಕಲ್ಲ. ಅವಳಿಗೀಗ ಆರು ತಿಂಗಳು, ಹುಳಿ ಎಲೆಕೋಸು ಬಿಟ್ಟರೆ ಬೇರೇನೂ ಸೇರುವುದಿಲ್ಲ. ನನ್ನ ಮಂಡಿ ಹಾಗೇ ಇದೆ.

ನಿನ್ನ ಅಪ್ಪ ತೀರಿಕೊಂಡರು. ಮಂಗಳವಾರ ಬೆಳಿಗ್ಗೆ, ಹಡಗು ಬಂದಾಗ ನದಿಯ ಸೇತುವೆ ಎತ್ತುವ ತಮ್ಮ ಕೆಲಸಕ್ಕೆ ಹೊರಟು, ಒಲೆಯ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದವರು ಹಾಗೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡುಲೂತ್ ಬಂದರಿನ ನಿಮ್ಮ ಹಡಗು ಕೆಲಸದವರ ಸಂಘದ ಕಚೇರಿಗೆ ಅವತ್ತೇ ತಂತಿ ಕೊಟ್ಟೆವು. ಅದು ನಿನ್ನ ಕೈಸೇರಿಲ್ಲ ಎಂದು ಶುಕ್ರವಾರ ನಿನ್ನನ್ನು ಕಂಡಾಗಲೇ ನನಗೆ ತಿಳಿಯಿತು. ಹೌದು, ಕಂಡೆ. ಅದನ್ನೂ ಬರೆಯುತ್ತೇನೆ.

ಹೆಣ ಹೊರಲು ಆರು ಜನ ಸಿಗಲಿಲ್ಲ. ಸೇತುವೆ ಕೆಲಸದವರು ನಾಲ್ವರು ಬಂದರು, ಇನ್ನಿಬ್ಬರನ್ನು ಶವಪೆಟ್ಟಿಗೆ ಅಂಗಡಿಯವನೇ ಒದಗಿಸಿದ. ಇಪ್ಪತ್ತೊಂಬತ್ತು ವರ್ಷ ಇದೇ ಬೀದಿಯಲ್ಲಿ ಬದುಕಿದ ಮನುಷ್ಯ! ನಾಲ್ಕು ವರ್ಷದಿಂದ ಅವರಿಗೆ ಒಂದು ಲೋಟ ಬಿಯರ್ ಕೊಡದ ಟೋಮೊ ತನ್ನ ಹೋಟೆಲಿನಿಂದ ಒಂದು ತಟ್ಟೆ ಊಟ ಕಳಿಸಿದ್ದ. "ಈಗ ಅವರಿಗೆ ಹಸಿವಿಲ್ಲ, ನೀನೇ ತಿನ್ನು" ಎಂದು ಹಿಂದಕ್ಕೆ ಕಳಿಸಿದೆ.

ಯಾಕೆ ಹೀಗಾಯಿತು ಎಂದು ನಿನಗೆ ನಾನು ಹೇಳಬೇಕೇ? ನಾಲ್ಕು ವರ್ಷದ ಹಿಂದೆ, ನೀನಿದ್ದ ಉಕ್ಕಿನ ಕಾರ್ಖಾನೆಯ ಮುಷ್ಕರದ ಏಳನೇ ವಾರ. ಕಾರ್ಖಾನೆಗೆ ಅದಿರು ತಂದ ಹಡಗು ಸೇತುವೆ ಎತ್ತು ಎಂದು ಸಿಳ್ಳೆ ಹಾಕುತ್ತಿತ್ತು, ದಂಡೆಯಲ್ಲಿ ನಿಂತ ನೀವು ಇನ್ನೂರು ಜನ ಎತ್ತಬೇಡ ಎಂದು ಕೂಗುತ್ತಿದ್ದಿರಿ. ಇಪ್ಪತ್ತು ನಿಮಿಷ ನಿನ್ನ ಅಪ್ಪ ಎತ್ತಲಿಲ್ಲ. ಆಮೇಲೆ ಎತ್ತಿದರು. ಅದಿರು ಒಳಗೆ ಹೋಯಿತು, ಮುಷ್ಕರ ಮುರಿಯಿತು. ಸಂಜೆ ಟೋಮೊನ ಹೋಟೆಲಿನ ಮುಂದೆ, ಬೀದಿಗೆ ಬೀದಿಯೇ ನೋಡುತ್ತಿರುವಾಗ, ನೀನು ಅವರ ಬೂಟಿನ ಮೇಲೆ ಉಗಿದೆ. "ಧಣಿಗಳ ನಾಯಿ ನೀನು, ನನ್ನಪ್ಪ ಅಲ್ಲ" ಅಂದೆ. ಅವರು ಮನೆಗೆ ಬಂದು, ಬೂಟು ತೊಳೆದು, "ಊಟ ಹಾಕು" ಎಂದರು. ಅಷ್ಟೇ.

ನೀನು ಹಡಗು ಹತ್ತಿದೆ. ಅದೇ ನದಿ, ಅದೇ ಸೇತುವೆ. ನಿಮ್ಮ ಹಡಗಿನ ಸಿಳ್ಳೆ, ಒಂದು ಉದ್ದ ಒಂದು ಗಿಡ್ಡ, ನನ್ನ ಅಡುಗೆಮನೆಗೂ ಕೇಳಿಸುತ್ತಿತ್ತು. ಅವರು ಸೇತುವೆ ಎತ್ತಿ ತಮ್ಮ ಕೋಣೆಯ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕೆಳಗೆ ಮೂವತ್ತು ಅಡಿ ದೂರದಲ್ಲಿ ನೀನು. ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ತಲೆಯೆತ್ತಿದೆಯಾ? ಅವರು ಮಾತ್ರ ಕೋಟು ಬಿಚ್ಚುವ ಮೊದಲೇ ಸುದ್ದಿ ಹೇಳುತ್ತಿದ್ದರು: "ಹುಡುಗ ಸೊರಗಿದಾನೆ ಕಣೇ ಯೆಲ್ಕಾ." "ಇವತ್ತು ಗಡ್ಡ ತೆಗ್ದಿದ್ದ, ಚೆನ್ನಾಗಿ ಕಾಣ್ತಿದ್ದ." ನಾನು ಪಾತ್ರೆ ತೊಳೆಯುತ್ತ, ಕೇಳಿಸದವಳ ಹಾಗೆ ಇರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಸ್ಮಶಾನಕ್ಕೆ ಹೊರಟೆವು. ಸೇತುವೆ ಹತ್ತಿರ ಬರುವಾಗ ಗಂಟೆ ಬಾರಿಸಿತು, ಅಡ್ಡಕಂಬ ಇಳಿಯಿತು. "ಒಂದೈದು ನಿಮಿಷ ಅಮ್ಮಾ, ಹಡಗು ಬರ್ತಿದೆ" ಎಂದ ಡ್ರೈವರು. ಶವದ ಕಾರು ಮುಂದೆ, ಹಿಂದೆ ನಮ್ಮದು. ರಸ್ತೆ ಎರಡು ಹೋಳಾಗಿ ಮೇಲೆದ್ದಿತು, ನಡುವೆ ನಿಮ್ಮ ಹಡಗು ಬಂತು. ಅಂಚಿನಲ್ಲಿ ಹಗ್ಗ ಸುತ್ತುತ್ತಿದ್ದವನು ನೀನು. ದಾನಿಟ್ಸಾ "ಅಮ್ಮಾ, ಅಣ್ಣ!" ಎಂದು ಚೀರಿ ಬಾಗಿಲಿಗೆ ಕೈಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ. "ಬೇಡ, ಕೂತ್ಕೋ." ನೀನು ಕಪ್ಪು ಕಾರನ್ನು ನೋಡಿದೆ, ಟೋಪಿ ತೆಗೆದು ಎದೆಗೆ ಒತ್ತಿ ನಿಂತೆ, ಯಾರದೋ ಹೆಣಕ್ಕೆ ಮರ್ಯಾದೆ ಕೊಡುವಂತೆ. ಬದುಕಿದ್ದಾಗ ಸಿಗದ ಮರ್ಯಾದೆ ಅವರಿಗೆ ಗುರುತು ತಪ್ಪಿ ಸಿಕ್ಕಿತು. ಸೇತುವೆ ಇಳಿಯಿತು, ನಾವು ಆಚೆ ದಾಟಿ ಅವರನ್ನು ಮಣ್ಣು ಮಾಡಿದೆವು.

ದಾನಿಟ್ಸಾ ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ. ನಿನಗೆ ನಮಸ್ಕಾರ ಹೇಳಲು ಕೇಳಿದ್ದಾಳೆ, ಗೋಡೆ ನೋಡಿಕೊಂಡು. ಮಾತೆ ಮರಿಯಾ ನಿನ್ನನ್ನು ನೀರಿನ ಮೇಲೆ ಕಾಪಾಡಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ಯೆಲ್ಕಾ

ಮರೆತು ಬಿಟ್ಟಿದ್ದಲ್ಲ ಇದು. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಆ ದಿನ ಸೇತುವೆ ಎತ್ತಿಸಿದವಳು ನಾನು. ಪೊಲೀಸರು ದೊಣ್ಣೆ ಹಿಡಿದು ಸಾಲಾಗಿ ನಿಂತಿದ್ದು ನಮ್ಮ ಕಿಟಕಿಯಿಂದ ಕಂಡಿತು, ಅವರೆದುರು ಮೊದಲ ಸಾಲಿನಲ್ಲಿ ನೀನು. ಸೇತುವೆ ಕೋಣೆಗೆ ಫೋನ್ ಮಾಡಿ, "ಎತ್ತಿಬಿಡಿ, ಮಗನ ತಲೆ ಒಡೀತಾರೆ" ಎಂದು ಅತ್ತೆ. ಅವರು, "ಎತ್ತಿದ್ರೆ ಅವನು ನನ್ನ ಮುಖ ನೋಡಲ್ಲ ಕಣೇ" ಎಂದರು. ಎಂದರೂ ಎತ್ತಿದರು. ನೀನು ಉಗಿದ ರಾತ್ರಿ, "ನೀನು ಫೋನ್ ಮಾಡಿದ್ದು ಅವನಿಗೆ ಹೇಳ್ಬೇಡ, ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಅವನಿಗೆ ಬೇಕಾದವರಾಗಿರ್ಲಿ" ಎಂದರು. ನಾನು ಹೇಳಲಿಲ್ಲ. ಅವರ ಮಾತಿಗೆ ಕಟ್ಟುಬಿದ್ದು ಅಲ್ಲ ಬ್ರಾಂಕೊ. ನಿನ್ನ ಕಾಗದಗಳು ನನ್ನ ಹೆಸರಿಗೆ ಬರುತ್ತಿದ್ದವು, ಅವು ನಿಂತುಹೋಗಬಾರದು ಎಂದು.