ಕುಂಟಿಯ ಕೊಕ್ಕು

ಮಂಗಳವಾರ, ಹದಿನಾಲ್ಕು

ಇವತ್ತೂ ಗೂಡಿನಲ್ಲಿ ಒಂದು ಮೊಟ್ಟೆ ಕಡಿಮೆ. ವಾರದಿಂದ ಪಕ್ಕದ ಮನೆಯ ಟೈಲರಮ್ಮನ ಮೇಲೆಯೇ ನನ್ನ ಕಣ್ಣು. ಬೇಲಿಯಾಚೆ ನಿಂತು "ಕೋಳಿಗಳು ಚೆನ್ನಾಗಿವೆಯಾ ಅಕ್ಕ" ಎಂದು ಯಾರೂ ಸುಮ್ಮನೆ ಕೇಳುವುದಿಲ್ಲ. ನಮ್ಮ ಯಜಮಾನರು ಮಾತ್ರ, "ಮೊಟ್ಟೆನ ಕೋಳಿನೇ ತಿಂತಿರಬೇಕು ಕಣೆ. ಆ ಚಟ ಹತ್ತಿದ್ರೆ ಬಿಡಲ್ಲ. ಯಾವುದು ಅಂತ ಹೇಳು, ಕುಯ್ದುಬಿಡೋಣ" ಅಂದಿದ್ದರು.

ಮಧ್ಯಾಹ್ನ ಗೂಡಿನ ಹಿಂದೆ ಕಾದು ಕುಳಿತೆ. ಟೈಲರಮ್ಮ ಬರಲಿಲ್ಲ. ಕುಂಟಿ ಬಂದಳು, ಮರಿಯಾಗಿದ್ದಾಗ ಅಡುಗೆಮನೆಯಲ್ಲಿ ಬಲ್ಬಿನ ಕಾವಿಗಿಟ್ಟು ನಾನೇ ಉಳಿಸಿಕೊಂಡ ಕುಂಟು ಕೋಳಿ. ತಾನಿಟ್ಟ ಮೊಟ್ಟೆಯನ್ನು ತಾನೇ ಕುಕ್ಕಿ ತಿಂದು, ಎಂದಿನಂತೆ ನನ್ನ ಮಡಿಲೇರಿದಳು.

ಅಷ್ಟರಲ್ಲಿ ಇವರ ಹೆಜ್ಜೆ ಸದ್ದು. ಅವಳ ಕೊಕ್ಕು ಒರೆಸಿದೆ.

"ಕಳ್ಳ ಸಿಕ್ಕಿದನಾ?"

"ಇನ್ಯಾರು, ಟೈಲರಮ್ಮನೇ. ಕಣ್ಣಾರೆ ನೋಡಿದೆ."

ನಾಳೆ ಟೈಲರಮ್ಮ ಬೇಲಿಯ ಹತ್ತಿರ ಬಂದು "ಅಕ್ಕ" ಅಂದರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ?