ಸೇತುವೆಗೆ ಕಟ್ಟಿದ ಹಗ್ಗ

ಹನಗೋಡು
20-9-1999

ಶ್ರೀ ನಟರಾಜು ಅವರಿಗೆ ಸಾಕಮ್ಮ ಮಾಡುವ ನಮಸ್ಕಾರ.

ಎಂಟು ವರ್ಷ 'ನಮ್ಮ ಯಜಮಾನರಿಗೆ' ಎಂದೇ ಕಾಗದ ಬರೆದವಳು ಇವತ್ತು ಗಂಡನ ಹೆಸರು ಬರೆದಿದ್ದೇನೆ. ನೀವು ಸರಗೂರಿನಲ್ಲಿ ಕ್ಷೇಮವೆಂದು ತಿಳಿದಿದ್ದೇನೆ. ಕ್ಷೇಮವಾಗಿರುವುದು ನಿಮಗೆ ಚೆನ್ನಾಗಿ ಬರುತ್ತದೆ.

ಗೌರಿ ಹಬ್ಬಕ್ಕೆ ನಿಮ್ಮ ಬದಲು ನಿಮ್ಮ ಪತ್ರ ಬಂತು, ಜೊತೆಗೆ ನೀವೇ ಬರೆದ ಹೇಳಿಕೆ. ನನ್ನ ಅಪ್ಪ ದಾಸಯ್ಯ ಸಲಾಕೆಯಿಂದ ಮೀಟಿ ಸಡಿಲ ಮಾಡಿದ್ದಕ್ಕೇ ನಮ್ಮೂರ ಸೇತುವೆಯ ಗೋಡೆ ಬಿತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನಾನು ರುಜು ಹಾಕಬೇಕಂತೆ. ಹಾಕಿದರೆ ನಿಮ್ಮ ಸೂಪರ್‌ವೈಸರ್ ಕೆಲಸ ಉಳಿಯುತ್ತದಂತೆ. ಸತ್ತವರಿಗೆ ಹೆಸರು ಕೆಟ್ಟರೇನು ಎಂದು ಬೇರೆ ಬರೆದಿದ್ದೀರಿ.

ಆ ಸತ್ತವರೇ ನಿಮ್ಮನ್ನು ಕಮಾನಿನ ಕೆಳಗೆ ನಿಲ್ಲಿಸಿ ಪಾಠ ಹೇಳಿದ್ದರು. ನಮ್ಮ ಮುತ್ತಜ್ಜ ಮುದ್ದಯ್ಯನ ಕಾಲದಲ್ಲಿ ಹೊಳೆಯ ಮೇಲೆ ಮೊದಲು ಮರದ ಕಮಾನು ನಿಲ್ಲಿಸಿ, ಅದರ ಬೆನ್ನ ಮೇಲೆ ಎರಡು ಕಡೆಯಿಂದಲೂ ಕಲ್ಲು ಕೂರಿಸುತ್ತಾ ಬಂದು, ನೆತ್ತಿಯ ಕಲ್ಲು ಬಿಗಿದ ಮೇಲೆ ಮರ ತೆಗೆದರಂತೆ. ಅಲ್ಲಿಂದ ಕಲ್ಲಿಗೆ ಕಲ್ಲೇ ಆಸರೆ. ಅಂಥ ಐದು ಕಮಾನು, ಮೇಲೆ ಮಣ್ಣು ತುಂಬಿ ರಸ್ತೆ. ಮಣ್ಣಿಗೆ ಇಳಿದ ಮಳೆನೀರು ಹೊರಗೆ ಹೋಗಲೆಂದು ಪಕ್ಕದ ಗೋಡೆಯಲ್ಲಿ ಸಾಲಾಗಿ ತೂತು. ಮುಂಗಾರಿಗೆ ಮುಂಚೆ ಆ ತೂತುಗಳ ಕಸ ತೆಗೆಯುವುದು ಅಂದಿನಿಂದ ನಮ್ಮ ಮನೆಯವರ ಕೆಲಸ. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಲ್ಲಿನ ಸಂದಿಗೆ ಕಾಲು ಕೊಟ್ಟು ಇಳಿಯುತ್ತಿದ್ದರು. ಹಗ್ಗದ ಇನ್ನೊಂದು ತುದಿಯನ್ನು ಸೇತುವೆಗೆ ಕಟ್ಟುವ ಹಾಗಿಲ್ಲ, ಮನೆಯವರೇ ಹಿಡಿಯಬೇಕು. ಹನ್ನೆರಡನೇ ವಯಸ್ಸಿನಿಂದ ನಾನೇ ಸೊಂಟಕ್ಕೆ ಸುತ್ತಿಕೊಂಡು ಹಿಡಿಯುತ್ತಿದ್ದೆ.

ಹೋದ ವರ್ಷ ರಿಪೇರಿಗೆ ಬಂದ ನೀವು, ಹೊಸ ಸುಣ್ಣದ ಮೇಲೆ ನೀರಿನ ಕಲೆ ಇಳಿಯುತ್ತದೆಂದು ಎಲ್ಲಾ ತೂತಿಗೂ ಸಿಮೆಂಟ್ ಮೆತ್ತಿಸಿದಿರಿ. ಅಪ್ಪ ಕೈಮುಗಿದು ಬೇಡವೆಂದರು. ಕೂಲಿಯವರೆಲ್ಲ ಕೇಳುವ ಹಾಗೆ ನೀವು, "ನಿಮ್ ಕಾಲ ಮುಗೀತು ಬುಡಿ ಮಾವ, ಮನೇಲಿ ಮುದ್ದೆ ಉಣ್ಕಂಡಿರಿ" ಎಂದಿರಿ. ನಾನು ಅಪ್ಪನ ಪರ ಮಾತಾಡಿದ್ದಕ್ಕೆ ನನ್ನ ಟ್ರಂಕು ತಂದು ಅವರ ಜಗಲಿಯ ಮೇಲೆ ಇಟ್ಟು ಹೋದಿರಿ.

ಈ ಜೂನ್‌ನಲ್ಲಿ ನೀರು ಕುಡಿದ ಗೋಡೆ ಉಬ್ಬಿತು. ತೂತು ಬಿಡಿಸಲು ಅಪ್ಪ ಒಬ್ಬರೇ ಹೋದರು. ನಾನು ಹುಣಸೂರಿನ ಸಂತೆಗೆ ಹೋಗಿದ್ದೆ. ಹಗ್ಗ ಹಿಡಿಯುವವರಿಲ್ಲದೆ, ನೀವು ಹೊಸದಾಗಿ ಕಟ್ಟಿಸಿದ ತಡೆಗೋಡೆಯ ಕಂಬಕ್ಕೆ ಕಟ್ಟಿದರು. ಜೀವಮಾನದಲ್ಲಿ ಒಮ್ಮೆ ಅಳಿಯನ ಕೆಲಸ ನಂಬಿದರು. ಕಂಬ ಬುಡಸಮೇತ ಕಿತ್ತುಬಂದು ಅವರ ಮೇಲೆಯೇ ಬಿತ್ತು. ಒಡೆದ ಕಂಬದೊಳಗೆ ಬರೀ ಮರಳಿತ್ತು. ಸಾಯುವ ಮೊದಲು ಅವರು ಬಿಡಿಸಿದ್ದು ಎರಡೇ ತೂತು. ಆಗಸ್ಟ್‌ನಲ್ಲಿ ಗೋಡೆ ಬಿತ್ತಲ್ಲ, ಆ ಎರಡು ತೂತಿನ ಸುತ್ತ ಮಾತ್ರ ಕಲ್ಲುಗಳು ನಿಂತಿವೆ, ಬಂದು ನೋಡಿ.

ನಾನು ರುಜು ಹಾಕಲಿಲ್ಲ. ನಿನ್ನೆ ವಿಚಾರಣೆಗೆ ಬಂದ ಸಾಹೇಬರಿಗೆ ನಿಮ್ಮ ಪತ್ರವನ್ನೇ ಕೊಟ್ಟೆ, ಅಕ್ಷರ ನಿಮ್ಮದೇ ಎಂದೂ ಹೇಳಿದೆ. ಅವರು ಎರಡು ಸಲ ಓದಿ ಫೈಲಿಗೆ ಸೇರಿಸಿಕೊಂಡರು. ಕೆಲಸ ಹೋದ ದಿನ ಒಂದು ಕಾರ್ಡು ಹಾಕಿ, ಪಾಯಸ ಮಾಡಿ ಉಣ್ಣುತ್ತೇನೆ.

ಇಂತಿ,
ದಾಸಯ್ಯನ ಮಗಳು
ಸಾಕಮ್ಮ

ವಿ.ಸೂ.: ಜೂನ್‌ನಲ್ಲಿ ನೀವು ಬರೆದ ಇನ್ನೊಂದು ಪತ್ರವನ್ನು ಸಾಹೇಬರಿಗೆ ತೋರಿಸಲಿಲ್ಲ. ಈ ಸಲ ಅಪ್ಪನಿಗೆ ಹಗ್ಗ ಹಿಡಿಯಬೇಡ, ಗೌರಿ ಹಬ್ಬಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಿರಲ್ಲ, ಅದು. ಅಪ್ಪ ಸತ್ತ ದಿನ ನಾನು ಸಂತೆಗೆ ಹೋಗಿರಲಿಲ್ಲ. ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬತ್ತೀಯೇನವ್ವ?" ಎಂದು ಕೇಳಿದರು. ತಲೆನೋವು ಎಂದೆ. "ಮನಿಕ್ಕೋ ಬುಡು, ಎಂಗೋ ಮಾಡ್ಕತೀನಿ" ಎಂದು ಬಾಗಿಲು ಎಳೆದುಕೊಂಡು ಹೋದರು. ನಾನು ಎದ್ದು ಟ್ರಂಕಿಗೆ ಸೀರೆ ಮಡಿಸಿ ಇಡತೊಡಗಿದೆ.