ನೀರಲ್ಲಿರುವ ಅಣ್ಣ

ಲಮಾಂಗಾ
ಶುಕ್ರವಾರ, ೧೨ ಮೇ ೨೦೨೩

ನನ್ನ ಮುದ್ದು ಹದಾರಿಯಾ,

ಚೆನ್ನಾಗಿದ್ದೀಯಾ? ಅಳಿಯ ಬಾಸೋ, ಪುಟ್ಟಿ ನಿಲ್ಮಾ ಕ್ಷೇಮವೇ? ನೀವು ಹಬ್ಬ ಮುಗಿಸಿ ಹೋಗಿ ಹದಿನೇಳು ದಿನವಾಯಿತು, ನಾನು ಒಂದಕ್ಷರ ಬರೆಯಲಿಲ್ಲ. ನಿನ್ನ ಫೋನೂ ಎತ್ತಲಿಲ್ಲ. ಸಿಗ್ನಲ್ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೋಪ ಬಂದಿತ್ತು, ಅಷ್ಟೇ.

ಅಡುಗೆಮನೆಯ ಕೆಳಗೆ ಕಡಲ ನೀರಲ್ಲಿ ನಿಂತ ಎರಡು ಕಂಬಕ್ಕೆ ಹುಳ ಹಿಡಿದಿತ್ತು, ಬದಲಾಯಿಸಿದೆ. ಇನ್ನು ಹತ್ತು ವರ್ಷ ಚಿಂತೆಯಿಲ್ಲ. ಅಂದರೆ ಗೊತ್ತಾಯಿತಲ್ಲ, ಮನೆ ಬಿಟ್ಟು ನಿಮ್ಮ ಜೊತೆ ದಡಕ್ಕೆ ಬಂದಿರು ಎಂದೆಯಲ್ಲ, ಬರುವುದಿಲ್ಲ. ನಿಮ್ಮ ನೆಲ ಅಲುಗುವುದೇ ಇಲ್ಲ, ನನಗೆ ತಲೆ ತಿರುಗುತ್ತದೆ. ಹೋದ ಸಲ ಮೂರು ದಿನ ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಬಂದ ದಿನ ನಿಲ್ಮಾ ಹಲಗೆಯ ಸಂದಿಯಲ್ಲಿ ನೀರು ಕಂಡು ಕಿರುಚಿದ್ದಕ್ಕೆ ಪಕ್ಕದ ಮನೆಯ ಪೊಂಡಾಂಗಜ್ಜ ಬಿಟ್ಟನೇ?

“ಏನೇ ಸನವಿಯಾ, ಮೊಮ್ಮಗಳು ಅಪ್ಪಟ ಬಾಗಾಯ್ ಆಗಿಬಿಟ್ಟಳಲ್ಲೇ!”

ದಡದವರನ್ನು ಕರೆಯುವ ಮಾತು, ನನ್ನ ಮೊಮ್ಮಗಳಿಗೆ! ನಾನು ಸುಮ್ಮನಿರುವವಳೇ?

“ಬಾಯ್ಮುಚ್ಚೋ ಮುದಿಯ! ಇವಳ ಅಣ್ಣ ನನ್ನ ಮನೆ ಕೆಳಗೇ ಇದಾನೆ. ನಾಲ್ಕು ವರ್ಷದಿಂದ ದಿನಾ ಅನ್ನ ಹಾಕ್ತಿಲ್ವಾ?”

ಆಮೇಲೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. “ನಿನ್ನ ಜೊತೆ ಅಮ್ಮನ ಹೊಟ್ಟೆಯಿಂದ ಬಂದ ಮಾಸು ಕಣೇ, ಅವನೇ ನಿನ್ನಣ್ಣ. ಆಸ್ಪತ್ರೆಯಿಂದ ನಿಮ್ಮಪ್ಪ ಬಿಳಿ ಬಟ್ಟೇಲಿ ಸುತ್ತಿ ತಂದುಕೊಟ್ಟ. ತೆಂಗಿನ ಚಿಪ್ಪಲ್ಲಿಟ್ಟು ನಾನೇ ನೀರಿಗೆ ಬಿಟ್ಟೆ. ಅವನಿರೋವಾಗ ನೀರು ನಿನಗೇನೂ ಮಾಡಲ್ಲ.”

ಆಗಲೇ ನಿನ್ನ ಮುಖ ಬಿಳಿಚಿಕೊಂಡಿತ್ತು. ಮೂರನೆಯ ದಿನ ನೀನು ಬಾಯಿಬಿಟ್ಟೆ.

“ಎಮ್ಮಾ, ಆ ಬಟ್ಟೆ ಗಂಟಿನೊಳಗಿದ್ದದ್ದು ಕೋಳಿ ಕರುಳು. ಆಸ್ಪತ್ರೇಲಿ ಮಾಸು ನಮ್ಮ ಕೈಗೆ ಸಿಗಲೇ ಇಲ್ಲ. ನೀನು ನೊಂದ್ಕೋತೀಯ ಅಂತ...”

ಅಂಥ ಗಂಟನ್ನು ನಮ್ಮಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ನಿನಗೆ ಗೊತ್ತಿತ್ತು. ನಾನು ಬಾಸೋ ಕಡೆ ತಿರುಗಿ, “ನಿನ್ನದೇ ಕಿತಾಪತಿ ಇದು! ಬಾಗಾಯ್ ನೀನು, ನಿನಗೇನು ಗೊತ್ತು!” ಎಂದು ಬಾಯಿಗೆ ಬಂದಂತೆ ಬೈದೆ. ಪಾಪ, ತಲೆ ತಗ್ಗಿಸಿ ನಿಂತಿದ್ದ.

ನೀವು ಬಟ್ಟೆಬರೆ ಕಟ್ಟುತ್ತಿದ್ದಾಗ ನಿಲ್ಮಾಳನ್ನು ಎತ್ತಿಕೊಂಡು ಏಣಿಯಿಂದ ನೀರಿಗೆ ಇಳಿದೆ. ಬೇಕೆಂದೇ ಇಳಿದೆ. ಅಣ್ಣ ಇಲ್ಲದಿದ್ದರೆ ಬೇಡ, ಅಜ್ಜಿ ಇದ್ದಾಳೆ. “ಅಜ್ಜಿ, ಬಿಡಬೇಡ, ಬಿಡಬೇಡ!” ಎಂದು ನನ್ನ ಕತ್ತು ಹಿಸುಕಿದಳು. ಸ್ವಲ್ಪ ಹೊತ್ತಿಗೆ “ಬಿಡು ಅಜ್ಜಿ, ನಾನೇ!” ಎಂದು ಕೈ ಕೊಡವಿದಳು. ಪೊಂಡಾಂಗಜ್ಜ ಕಿಟಕಿಯಿಂದ ಬಗ್ಗಿ “ಎಲಾ ಮೀನುಮರಿ!” ಎಂದ. ನೀನು ಬಾಗಿಲಲ್ಲಿ ನಿಂತು ಕೂಗಿದ್ದು ನನಗೆ ಕೇಳಿಸಿತ್ತು. ಕೇಳದವಳ ಹಾಗೆ ಇದ್ದೆ.

ನಾಲ್ಕು ವರ್ಷ ಕೋಳಿ ಕರುಳಿಗೆ ಅನ್ನ ಹಾಕಿದಳು ಎಂದು ಊರೆಲ್ಲ ನಗಲಿ. ನಾನಿವತ್ತೂ ಹಾಕಿದೆ, ನಾಳೆಯೂ ಹಾಕುತ್ತೇನೆ. ಶಾಲೆಗೆ ರಜೆ ಬಂದ ಕೂಡಲೇ ನಿಲ್ಮಾಳನ್ನು ಕಳಿಸು. ಕಳಿಸದಿದ್ದರೆ ನಾನೇ ಬಂದು ಎತ್ತಿಕೊಂಡು ಬರುತ್ತೇನೆ, ತಲೆ ತಿರುಗಿದರೆ ತಿರುಗಲಿ.

ನಿಮ್ಮ ಮೂವರನ್ನೂ ದೇವರು ತಣ್ಣಗಿಟ್ಟಿರಲಿ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ ಎಮ್ಮಾ,
ಸನವಿಯಾ

ಒಂದು ಮಾತು ಮರೆತಿದ್ದೆ ಎಂದು ಬರೆಯಲು ಹೋಗಿದ್ದೆ. ಮರೆತಿರಲಿಲ್ಲ. ಅವತ್ತು ನೀನು ಮಗು ಎತ್ತಿಕೊಂಡು ಮುಂದೆ ದೋಣಿ ಹತ್ತಿದಾಗ ಬಾಸೋ ನನ್ನ ಹತ್ತಿರ ನಿಂತ. “ಎಮ್ಮಾ, ಮಾಸು ಬೇಕು ಅಂತ ನಾನೇ ಕೇಳಿದ್ದೆ. ನರ್ಸು ಕೊಡೋಕೂ ಒಪ್ಪಿದ್ರು. ‘ನೀವು ಕಡಲ ಮೇಲಿನವರಾ? ಅವರೇ ಇದನ್ನ ಕೇಳೋದು’ ಅಂದ್ರು. ಇವಳು ‘ಅಲ್ಲ, ಅಲ್ಲ, ಬಿಸಾಡಿ’ ಅಂದುಬಿಟ್ಟಳು” ಎಂದ. ಅಷ್ಟು ಬೈದರೂ ನಿನ್ನನ್ನು ಬಿಟ್ಟುಕೊಡದೆ ನಿಂತಿದ್ದನಲ್ಲೇ ಅವನು! ಕೋಳಿ ಕರುಳನ್ನು ನಾನು ಅವತ್ತೇ ಕ್ಷಮಿಸಿದೆ. ನಿನ್ನ ಜೊತೆ ಹುಟ್ಟಿದ ಮಾಸನ್ನು, ನಿನ್ನಣ್ಣನನ್ನು, ನನ್ನ ಕೈಯಾರೆ ಇದೇ ಮನೆಯ ಕೆಳಗೆ ಬಿಟ್ಟಿದ್ದೇನೆ ಹದಾರಿಯಾ, ಅವನು ಕೋಳಿ ಕರುಳಲ್ಲ. ಹದಿನೇಳು ದಿನದಿಂದ ಅನ್ನ ಹಾಕುವಾಗ ಅವನ ಮುಂದೆ ನಿನ್ನ ಹೆಸರೆತ್ತಲು ನನಗೆ ಬಾಯಿ ಬರುತ್ತಿಲ್ಲ. ನೀನು ಯಾರವಳೆಂದು ನೀನೇ ಬಂದು ಅವನಿಗೆ ಹೇಳು.